ಕೇಳಿದವರ ಋಣ
(ಬಾನುಲಿ ಭಾಷಣ)



ಬೆಂಗಳೂರಿನ ದಕ್ಷಿಣದಲ್ಲಿ, ಬನ್ನೇರುಘಟ್ಟ ರಸ್ತೆಯ ಮಗ್ಗುಲಿಗೆ, ಬಿಳೇಕಹಳ್ಳಿ ಎಂಬ ಊರುಂಟು. ಹೊಲಗಳಿದ್ದ ನೆಲದ ಮೇಲೆ ಈಗ ಬಹುಮಹಡಿಯ ಕಟ್ಟಡಗಳೆದ್ದಿದ್ದರೂ ಹೆಸರಿನ ಕೊನೆಯಲ್ಲಿ ಹಳ್ಳಿಯೆಂಬ ಮಾತು ಅಳಿಯದೆ ನಿಂತಿರುವ ಆ ಊರಿನಲ್ಲಿ ನನ್ನ ವಾಸ. ಐಐಎಂ ಎಂದೇ ಜನಜನಿತವಾದ, 1973ರಲ್ಲಿ ಆರಂಭಗೊಂಡ ವಿದ್ಯಾಸಂಸ್ಥೆಯು ನೆಲೆಗೊಂಡಿರುವುದೂ ಅಲ್ಲಿಯೇ. ಬಾಲಕೃಷ್ಣ ದೋಷಿಯವರು ಈ ನಾಡಿನ ಬೂದುಬಣ್ಣದ ಕಲ್ಲಿನಲ್ಲಿ ರೂಪಿಸಿದ, ಬಿಸಿಲು ನೆರಳು ಒಂದರೊಳಗೊಂದು ಹೆಣೆದುಕೊಂಡಂತಿರುವ ಅದರ ಮೊಗಸಾಲೆಗಳನ್ನು ಕಂಡವರು ಮರೆಯಲಾರರು. ಅದರ ಪ್ರಥಮ ನಿರ್ದೇಶಕರಾದ ಎನ್. ಎಸ್. ರಾಮಸ್ವಾಮಿಯವರು, ದೊಡ್ಡ ದೊಡ್ಡ ಉದ್ದಿಮೆಗಳ ಆಡಳಿತವನ್ನು ಬೋಧಿಸಲೆಂದು ಹುಟ್ಟಿದ ಸಂಸ್ಥೆಯ ಮುಖ್ಯಸ್ಥರಾಗಿದ್ದರೂ, ನಮ್ಮ ರೈತನ ಎತ್ತಿನ ಗಾಡಿಯನ್ನೂ ಅದನ್ನೆಳೆಯುವ ಮೂಕಪ್ರಾಣಿಯ ಕ್ಲೇಶವನ್ನೂ ಗಂಭೀರವಾದ ಅಧ್ಯಯನಕ್ಕೆ ವಸ್ತುವನ್ನಾಗಿ ಮಾಡಿಕೊಂಡ ಮಹಾನುಭಾವರು. ವಿದ್ಯೆಯ ಕಣ್ಣಿಗೆ ಕ್ಷುದ್ರವೆನ್ನತಕ್ಕ ವಿಷಯ ಯಾವುದೂ ಇಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಆ ಕಲ್ಲಿನ ಗೋಡೆಗೆ ಅನತಿದೂರದಲ್ಲಿ, ಕಟ್ಟುತ್ತಿದ್ದ ಒಂದು ಮನೆಯ ಪಕ್ಕದ ತಗಡಿನ ಶೆಡ್ಡಿನ ಮುಂದೆ, ಒಂದು ಸಂಜೆ ನಾನು ಕಂಡ ಸಣ್ಣ ಪ್ರಸಂಗವೊಂದನ್ನು ತಮ್ಮ ಮುಂದೆ ಇಡುತ್ತೇನೆ. ಯಾವುದೋ ಸಮೀಕ್ಷೆಗೆಂದು ಬಂದಿದ್ದ ವಿದ್ಯಾರ್ಥಿನಿಯೊಬ್ಬಳು, ಕೈಯಲ್ಲಿ ಅಚ್ಚುಹಾಕಿದ ನಮೂನೆಯನ್ನು ಹಿಡಿದು, ಗಾರೆ ಕೆಲಸ ಮುಗಿಸಿ ಒಲೆ ಹಚ್ಚುತ್ತಿದ್ದ ಹೆಣ್ಣುಮಗಳನ್ನು ವಿನಯದಿಂದ ಕೇಳಿದಳು: “ನಿಮ್ಮ ಮನೇಲಿ ಎಷ್ಟು ಜನ ಇದೀರಾ ಅಕ್ಕಾ?” ಆಕೆ ಊದುಗೊಳವೆಯನ್ನು ಕೆಳಗಿಟ್ಟು, “ಇಲ್ಲೇನು, ಊರಾಗೇನು?” ಎಂದಳು. ಹುಡುಗಿ ತಡವರಿಸಿದಳು. ಆಗ ಆ ತಾಯಿಯೇ ವಿವರಿಸಿದಳು: “ಇಲ್ಲಿ ಮೂರು ಮಂದಿ ಅದೀವಿ ತಂಗಿ. ಅತ್ತಿ, ಮಾವ, ಎರಡು ಮಕ್ಕಳು ದೇವದುರ್ಗದ ಕಡಿ ನಮ್ಮ ಊರಾಗ ಅದಾರ. ಒಲಿ ಎರಡು, ಮನಿ ಒಂದ.” ನಮೂನೆಯಲ್ಲಿ ಆ ಉತ್ತರಕ್ಕೆ ಸ್ಥಳವಿರಲಿಲ್ಲ. ಹುಡುಗಿ ಕ್ಷಣಕಾಲ ಯೋಚಿಸಿ, ಚೌಕದೊಳಗೆ ಮೂರು ಎಂಬ ಅಂಕೆಯನ್ನು ಬರೆದು, ಅದರ ಪಕ್ಕದ ಅಂಚಿನಲ್ಲಿ ಸಣ್ಣ ಅಕ್ಷರಗಳಿಂದ “ಒಲೆ ಎರಡು, ಮನೆ ಒಂದು” ಎಂದು ಗುರುತುಹಾಕಿಕೊಂಡಳು. ಅರ್ಧ ಗಂಟೆಯ ಪ್ರಶ್ನೋತ್ತರದ ತರುವಾಯ ಅವಳು ಎದ್ದುನಿಂತಾಗ ಆ ಹೆಣ್ಣುಮಗಳು ಕೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: “ಇಷ್ಟೆಲ್ಲಾ ಕೇಳಿ ಬರ್ಕೊಂಡ್ರಿ. ಏನ್ ತಿಳೀತು ಅಂತ ಮತ್ತ ಬಂದು ನಮಗ ಹೇಳ್ತೀರೇನು?”

ಹುಡುಗಿಯಲ್ಲಿ ಉತ್ತರವಿರಲಿಲ್ಲ, ಅದು ಅವಳ ತಪ್ಪೂ ಅಲ್ಲ. ಆ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಅವಳಿಗಿಂತ ಹಿರಿಯರು. ಸಮಾಜವಿಜ್ಞಾನಗಳ ಅಭ್ಯುದಯಕ್ಕಾಗಿ ನಮ್ಮ ದೇಶದಲ್ಲಿ ಏರ್ಪಟ್ಟಿರುವ ರಾಷ್ಟ್ರೀಯ ವಿದ್ವತ್ಸಂಸ್ಥೆಗಳ ಕರ್ತವ್ಯವೇನೆಂಬುದು ಈ ದಿನದ ನನ್ನ ವಿಷಯ. ಆ ವಿಷಯವನ್ನು ಈ ತಾಯಿಯ ಪ್ರಶ್ನೆಯ ಮೂಲಕವೇ ಪ್ರವೇಶಿಸುವುದು ಉಚಿತವೆಂದು ನನಗೆ ತೋರುತ್ತದೆ.

ಅರ್ಥಶಾಸ್ತ್ರ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಮಾನವಶಾಸ್ತ್ರ, ಮನಶ್ಶಾಸ್ತ್ರ, ಜನಸಂಖ್ಯಾಶಾಸ್ತ್ರ ಮೊದಲಾದ ವಿದ್ಯೆಗಳನ್ನು ಒಟ್ಟಾಗಿ ಸಮಾಜವಿಜ್ಞಾನಗಳೆಂದು ಕರೆಯುವ ವಾಡಿಕೆಯುಂಟು. ಕಲ್ಲನ್ನಾಗಲಿ ನಕ್ಷತ್ರವನ್ನಾಗಲಿ ಪರೀಕ್ಷಿಸುವವನಿಗೆ ಇಲ್ಲದಿರುವ ಒಂದು ತೊಡಕು ಸಮಾಜವನ್ನು ಪರೀಕ್ಷಿಸುವವನಿಗೆ ಉಂಟು. ಏಕೆಂದರೆ ಆತನು ನೋಡಹೊರಟ ವಸ್ತುವಿನೊಳಗೆ ಆತನೇ ಸೇರಿಕೊಂಡಿರುತ್ತಾನೆ. ಆತನಿಗೊಂದು ಜಾತಿಯಿದೆ, ಒಂದು ಊರಿದೆ, ಬಾಲ್ಯದಿಂದ ಬಂದ ರಾಗದ್ವೇಷಗಳಿವೆ. ಇದಲ್ಲದೆ ಸಮಾಜವನ್ನು ಕುರಿತು ತನಗೆ ಎಲ್ಲವೂ ತಿಳಿದಿದೆಯೆಂಬ ಭ್ರಾಂತಿಯಿಂದ ಮುಕ್ತರಾದವರು ನಮ್ಮಲ್ಲಿ ವಿರಳ. ಚಂದ್ರಗ್ರಹಣದ ಗಣಿತವನ್ನು ತಿಳಿಯೆನೆಂದು ಒಪ್ಪಿಕೊಳ್ಳುವವನು ಬಡತನದ ಕಾರಣವನ್ನು ಮಾತ್ರ ಅರಳಿಕಟ್ಟೆಯ ಮೇಲೆ ಕುಳಿತು ನಿಸ್ಸಂದೇಹವಾಗಿ ಹೇಳಿಬಿಡುತ್ತಾನೆ.

ಇಂತಹ ನಿಸ್ಸಂದೇಹವು ಎಷ್ಟರಮಟ್ಟಿಗೆ ನಂಬತಕ್ಕದ್ದೆಂಬುದಕ್ಕೆ ನಮ್ಮ ಮಂಡ್ಯದ ಸೀಮೆಯಿಂದಲೇ ಒಂದು ದೃಷ್ಟಾಂತವಿದೆ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿಯು 1954ರಿಂದ 1956ರವರೆಗೆ ಅಲ್ಲಿಯ ಎರಡು ಹಳ್ಳಿಗಳಲ್ಲಿ ವಾಸಮಾಡಿ, ಅವುಗಳಿಗೆ ವಂಗಲ, ದಲೇನ ಎಂಬ ಕಲ್ಪಿತನಾಮಗಳನ್ನಿಟ್ಟು, ತಾವು ಕಂಡುದನ್ನು 1962ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ನೀರು ವಂಗಲಕ್ಕೆ ಹರಿಯಿತು. ದಲೇನವಾದರೋ ಸುತ್ತಲೂ ನೀರಾವರಿಯಿದ್ದೂ ತಾನು ಮಾತ್ರ ಖುಷ್ಕಿಯಾಗಿಯೇ ಉಳಿಯಿತು. ನೀರು ಬಂದ ಊರು ಸಂಪೂರ್ಣವಾಗಿ ಬದಲಾಗಿರಬೇಕು, ಬಾರದ ಊರು ಇದ್ದಂತೆಯೇ ಇರಬೇಕು ಎಂದು ಯಾರಾದರೂ ಊಹಿಸಿಯಾರು. ನಡೆದದ್ದು ಇದಕ್ಕೆ ವಿಪರೀತ. ಕಬ್ಬು ಬೆಳೆದು ಮಂಡ್ಯದ ಸಕ್ಕರೆ ಕಾರ್ಖಾನೆಗೆ ಸಾಗಿಸಿ ಸಂಪತ್ತನ್ನು ಗಳಿಸಿದ ವಂಗಲದಲ್ಲಿ ಹಳೆಯ ಯಜಮಾನಿಕೆ, ಹಳೆಯ ಋಣಾನುಬಂಧ, ಒಡೆಯ ಆಳುಗಳ ಸಂಬಂಧ ಇವೆಲ್ಲ ಬಹುಮಟ್ಟಿಗೆ ಅಚಲವಾಗಿ ನಿಂತವು; ನೀರಿಲ್ಲದ ದಲೇನದ ಜನರು ಹೊಟ್ಟೆಯ ಪಾಡಿಗೆ ಪಟ್ಟಣದ ಕೆಲಸಕ್ಕೂ ವ್ಯಾಪಾರಕ್ಕೂ ಕೈಹಾಕಿದುದರಿಂದ ಅಲ್ಲಿಯ ಸಮಾಜದ ಕಟ್ಟೇ ಸಡಿಲವಾಯಿತು. ಎರಡು ಊರುಗಳ ನಡುವೆ ಕೂತು, ಎರಡು ವರ್ಷ ಎಣಿಸಿ, ಕೇಳಿ, ಅಳೆದು ನೋಡದೆ ಈ ಸಂಗತಿಯನ್ನು ಅರಿಯುವ ಬಗೆ ಬೇರೊಂದಿರಲಿಲ್ಲ. ಆಕೆ 1970ರಲ್ಲಿ ಅದೇ ಹಳ್ಳಿಗಳಿಗೆ ಮರಳಿ ಬಂದು, ತಾವು ಬರೆದುದರಲ್ಲಿ ಯಾವುದು ನಿಂತಿತು, ಯಾವುದು ನಿಲ್ಲಲಿಲ್ಲ ಎಂಬುದನ್ನು ಪರೀಕ್ಷಿಸಿ 1973ರಲ್ಲಿ ಮತ್ತೊಂದು ಗ್ರಂಥವನ್ನು ಬರೆದರೆಂಬುದನ್ನೂ ಇಲ್ಲಿ ನೆನೆಯಬೇಕು. ಒಮ್ಮೆ ಕೇಳಿದವರು ಮತ್ತೊಮ್ಮೆ ಬಂದು ನೋಡುವುದು ಸತ್ಯಕ್ಕೆ ಸಲ್ಲತಕ್ಕ ಮರ್ಯಾದೆ.

ಒಬ್ಬ ವಿದ್ವಾಂಸನು ಎಷ್ಟೇ ಪ್ರಾಮಾಣಿಕನಾಗಿರಲಿ, ಆತನ ಒಂಟಿ ಕಣ್ಣು ಸಾಲದು. ಆತನು ಕಂಡುದನ್ನು ಸಮಾನಸ್ಕಂಧರಾದ ಹತ್ತು ಮಂದಿಯ ಮುಂದೆ ಇಟ್ಟು, ಅವರು ಎತ್ತುವ ಆಕ್ಷೇಪಗಳಿಗೆ ಉತ್ತರ ಹೇಳಿ, ಉತ್ತರವಿಲ್ಲದ ಕಡೆ ತಿದ್ದಿಕೊಂಡು, ಆಮೇಲೆ ಪ್ರಕಟಿಸುವ ಪದ್ಧತಿಯೇ ವಿದ್ವತ್ಸಂಸ್ಥೆಯ ಪ್ರಾಣ. ನಮ್ಮ ಪೂರ್ವಿಕರು ವಾದೇ ವಾದೇ ಜಾಯತೇ ತತ್ತ್ವಬೋಧಃ ಎಂದದ್ದು ಇದನ್ನೇ. ಇಂತಹ ಒಂದು ವ್ಯವಸ್ಥೆ ಬೇಕೆಂಬ ಉದ್ದೇಶದಿಂದ 1951ರ ಡಿಸೆಂಬರಿನಲ್ಲಿ ಪ್ರೊಫೆಸರ್ ಜಿ. ಎಸ್. ಘುರ್ಯೆಯವರು ಮುಂಬಯಿಯಲ್ಲಿ ಭಾರತೀಯ ಸಮಾಜಶಾಸ್ತ್ರ ಸಂಘವನ್ನು ಸ್ಥಾಪಿಸಿದರು. ಮರುವರ್ಷವೇ ಅದರ ಪತ್ರಿಕೆ ಹೊರಟಿತು. 1967ರಲ್ಲಿ ಅಖಿಲ ಭಾರತ ಸಮಾಜಶಾಸ್ತ್ರ ಸಮ್ಮೇಳನವೆಂಬ ಮತ್ತೊಂದು ಬಳಗವೂ ಅದರಲ್ಲಿ ಲೀನವಾಗಿ ದೇಶಕ್ಕೆಲ್ಲ ಒಂದೇ ಸಂಘವಾಯಿತು. ಘುರ್ಯೆಯವರ ತರುವಾಯ ಆ ಸಂಘದ ಅಧ್ಯಕ್ಷಪೀಠವನ್ನು ಅಲಂಕರಿಸಿದವರು ನಮ್ಮ ಮೈಸೂರಿನ ಎಂ. ಎನ್. ಶ್ರೀನಿವಾಸರು.

ಶ್ರೀನಿವಾಸರ ಜೀವನದ ಒಂದು ಘಟನೆಯ ಬಳಿ ಸ್ವಲ್ಪ ಹೊತ್ತು ನಿಲ್ಲಲು ತಾವು ಅಪ್ಪಣೆ ಕೊಡಬೇಕು. ಅವರು 1948ರಲ್ಲಿ ಮೈಸೂರಿಗೆ ಹತ್ತಿರದ ಕೊಡಗಹಳ್ಳಿಯಲ್ಲಿ ಸುಮಾರು ಹನ್ನೊಂದು ತಿಂಗಳು ನೆಲೆಸಿ, ಊರಿನ ಉಳುಮೆ, ಜಗಳ, ನ್ಯಾಯ, ಹಬ್ಬ, ಹುಟ್ಟುಸಾವುಗಳನ್ನೆಲ್ಲ ಬರೆದಿಟ್ಟುಕೊಂಡರು. ತಮ್ಮ ಬರೆವಣಿಗೆಯಲ್ಲಿ ಆ ಊರಿಗೆ ರಾಂಪುರವೆಂದು ಹೆಸರಿಟ್ಟರು. ಆ ಟಿಪ್ಪಣಿಗಳನ್ನು ವರ್ಷಾನುವರ್ಷ ವಿಂಗಡಿಸಿ, ಸಂಸ್ಕರಿಸಿ, ಮೂರು ಪ್ರತಿಗಳನ್ನಾಗಿ ಮಾಡಿಕೊಂಡು, ಇನ್ನು ಗ್ರಂಥವನ್ನು ಬರೆಯುವುದೊಂದೇ ಬಾಕಿಯೆಂದು ಅಮೆರಿಕದ ಸ್ಟ್ಯಾನ್‌ಫೋರ್ಡಿನ ವಿದ್ಯಾಕೇಂದ್ರದಲ್ಲಿ ಕುಳಿತಿದ್ದಾಗ, 1970ರ ಏಪ್ರಿಲ್ 24ರಂದು ದುಷ್ಕರ್ಮಿಗಳು ಆ ಕಟ್ಟಡಕ್ಕೆ ಬೆಂಕಿಯಿಟ್ಟರು. ಮೂರು ಪ್ರತಿಗಳೂ ಅದೇ ಕೊಠಡಿಯಲ್ಲಿದ್ದವು, ಮೂರೂ ಸುಟ್ಟುಹೋದವು. ಇಪ್ಪತ್ತೆರಡು ವರ್ಷಗಳ ತಪಸ್ಸು ಬೂದಿಯಾದ ಆ ಗಳಿಗೆಯಲ್ಲಿ ಒಬ್ಬಂಟಿಯಾಗಿದ್ದರೆ ಎಂತಹ ಧೀರನಾದರೂ ಕೈಚೆಲ್ಲಿಯಾನು. ಶ್ರೀನಿವಾಸರು ಒಬ್ಬಂಟಿಯಾಗಿರಲಿಲ್ಲ. ಅಲ್ಲಿಗೆ ಬಂದ ಸಾಲ್ ಟ್ಯಾಕ್ಸ್ ಎಂಬ ಮಾನವಶಾಸ್ತ್ರಜ್ಞರು, ಕಾಗದ ಹೋದರೇನು, ನೆನಪಿನಿಂದಲೇ ಬರೆಯಬಾರದೇಕೆ ಎಂದು ಅವರನ್ನು ಪ್ರಚೋದಿಸಿದರು. ಸ್ಮೃತಿಯನ್ನೇ ಮುಖ್ಯ ಆಧಾರವಾಗಿಟ್ಟುಕೊಂಡು ಶ್ರೀನಿವಾಸರು ಬರೆದ ಆ ಹಳ್ಳಿಯ ಕಥನವು 1976ರಲ್ಲಿ ಪ್ರಕಟವಾಗಿ, ಕನ್ನಡದ ಒಂದು ಹಳ್ಳಿಯ ಒಕ್ಕಲುಗಳ ಬಾಳನ್ನು ಪ್ರಪಂಚದ ವಿದ್ವಾಂಸರೆಲ್ಲ ಅರಿಯುವಂತೆ ಮಾಡಿತು.

ಈ ಕಥೆಯಿಂದ ಕಲಿಯಬೇಕಾದ ಪಾಠಗಳು ಎರಡು. ಮೊದಲನೆಯದು, ಸಮಾಜವನ್ನು ಕುರಿತು ಸಂಗ್ರಹಿಸಿದ ಸಾಮಗ್ರಿ ಒಬ್ಬನ ಮೇಜಿನ ಮೇಲೆ ಇರತಕ್ಕದ್ದಲ್ಲ. ಬೆಂಕಿಗೂ ಗೆದ್ದಲಿಗೂ ಮರೆವಿಗೂ ಸಿಕ್ಕದ ಸಾರ್ವಜನಿಕ ಭಂಡಾರದಲ್ಲಿ ಅದು ಸುರಕ್ಷಿತವಾಗಿರಬೇಕು. ಎರಡನೆಯದು, ಎದೆಗುಂದಿದ ಸಾಧಕನ ಬೆನ್ನಿನ ಮೇಲೆ ಕೈಯಿಡುವ ಸಹೃದಯರ ಬಳಗವೊಂದು ಇರಬೇಕು. ವಿದ್ವತ್ಸಂಸ್ಥೆಯು ಭಂಡಾರವೂ ಹೌದು, ಬಳಗವೂ ಹೌದು.

ಸದಸ್ಯರ ವಂತಿಗೆಯಿಂದ ನಡೆಯುವ ಸಂಘವೊಂದರಿಂದಲೇ ಇಷ್ಟು ದೊಡ್ಡ ದೇಶದ ಸಂಶೋಧನೆಯ ಭಾರವೆಲ್ಲ ಹೊರಲ್ಪಡಲಾರದು. ಊರೂರು ತಿರುಗುವುದಕ್ಕೆ ಹಣ ಬೇಕು, ತರುಣರಿಗೆ ಶಿಷ್ಯವೇತನ ಬೇಕು, ಗ್ರಂಥಭಂಡಾರ ಬೇಕು. ಈ ಹಣವನ್ನು ಸರ್ಕಾರವೇ ಕೊಡಬೇಕಾಗುತ್ತದೆ. ಆದರೆ ಹಣ ಕೊಟ್ಟವನ ಕಡೆಗೆ ಸತ್ಯವು ವಾಲದಂತೆ ನೋಡಿಕೊಳ್ಳುವುದು ಹೇಗೆ? ಈ ಕಠಿನ ಪ್ರಶ್ನೆಗೆ ಉತ್ತರವಾಗಿ ರೂಪುಗೊಂಡದ್ದು ಭಾರತೀಯ ಸಮಾಜವಿಜ್ಞಾನ ಸಂಶೋಧನ ಪರಿಷತ್ತು. ಯೋಜನಾ ಆಯೋಗವು 1965ರಲ್ಲಿ ಡಾಕ್ಟರ್ ವಿ. ಕೆ. ಆರ್. ವಿ. ರಾವ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಅದರ ಸಲಹೆಯಂತೆ, ಸರ್ಕಾರದಿಂದ ಅನುದಾನವನ್ನು ಪಡೆದೂ ವಿದ್ವಾಂಸರ ವಿವೇಚನೆಯಿಂದ ನಡೆಯತಕ್ಕ ಸ್ವಾಯತ್ತ ಸಂಸ್ಥೆಯಾಗಿ, 1969ರಲ್ಲಿ ಈ ಪರಿಷತ್ತು ಅಸ್ತಿತ್ವಕ್ಕೆ ಬಂದಿತು. ಆ ವರ್ಷವೇ ರಾವ್ ಅವರು ಕೇಂದ್ರದ ಶಿಕ್ಷಣ ಸಚಿವರೂ ಆದರು. ಪರಾಧೀನ ಭಾರತದ ರಾಷ್ಟ್ರೀಯ ಆದಾಯವನ್ನು ಶಾಸ್ತ್ರೀಯವಾಗಿ ಲೆಕ್ಕಹಾಕಿ ತೋರಿಸಿದವರು, ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿದ್ದವರು ಅವರು.

ಪರಿಷತ್ತಿನ ಪ್ರಥಮ ಅಧ್ಯಕ್ಷರು ಪುಣೆಯ ಡಿ. ಆರ್. ಗಾಡ್ಗೀಳರು, ಸದಸ್ಯ ಕಾರ್ಯದರ್ಶಿಗಳು ಜೆ. ಪಿ. ನಾಯಕರು. ನಾಯಕರ ಹೆಸರನ್ನು ಕನ್ನಡಿಗರು ವಿಶೇಷವಾಗಿ ಸ್ಮರಿಸಬೇಕು. ಕೊಲ್ಲಾಪುರದ ಸೀಮೆಯಲ್ಲಿ ಹುಟ್ಟಿದ ಆ ಸತ್ಪುರುಷರು ಸ್ವಾತಂತ್ರ್ಯ ಸಂಗ್ರಾಮದಲ್ಲಿ ಸೆರೆವಾಸವನ್ನು ಅನುಭವಿಸಿ, 1930ರ ದಶಕದಲ್ಲಿ ಧಾರವಾಡ ಜಿಲ್ಲೆಯ ಉಪ್ಪಿನಬೆಟಗೇರಿಯಲ್ಲಿ ನೆಲೆಸಿ, ಹಳ್ಳಿಗರ ಶಿಕ್ಷಣಕ್ಕೂ ಆರೋಗ್ಯಕ್ಕೂ ದುಡಿದವರು. ರಾಷ್ಟ್ರದ ಶಿಕ್ಷಣ ಆಯೋಗಕ್ಕೆ ಕಾರ್ಯದರ್ಶಿಯಾದವರು, ರಾಷ್ಟ್ರದ ಸಂಶೋಧನ ಪರಿಷತ್ತನ್ನು ಕಟ್ಟಿದವರು, ಮೊದಲು ಒಂದು ಕನ್ನಡ ಹಳ್ಳಿಯ ಧೂಳಿನಲ್ಲಿ ನಡೆದಾಡಿದ್ದರೆಂಬುದು ಆಕಸ್ಮಿಕವೆಂದು ನಾನು ಭಾವಿಸಲಾರೆ. ಹಳ್ಳಿಯನ್ನು ಅರಿಯದವನು ಈ ದೇಶದಲ್ಲಿ ಸಮಾಜವಿಜ್ಞಾನವನ್ನು ಬೆಳೆಸುವುದೆಂತು?

ಜ್ಞಾನವೆಲ್ಲ ದೆಹಲಿಯೊಂದರಲ್ಲಿಯೇ ರಾಶಿಬೀಳಬಾರದೆಂಬ ವಿವೇಕವೂ ಆ ಹಿರಿಯರಿಗಿತ್ತು. ಆದಕಾರಣ ಪರಿಷತ್ತು ಬೇರೆ ಬೇರೆ ರಾಜ್ಯಗಳ ಸಂಶೋಧನಾಲಯಗಳಿಗೆ ನೆರವು ನೀಡಿ, ರಾಜ್ಯಸರ್ಕಾರಗಳನ್ನೂ ಆ ಹೊಣೆಯಲ್ಲಿ ಪಾಲುದಾರರನ್ನಾಗಿ ಮಾಡಿಕೊಂಡಿತು. ಅಧಿಕಾರವನ್ನು ಬಿಟ್ಟು ಬೆಂಗಳೂರಿಗೆ ಬಂದ ರಾವ್ ಅವರು 1972ರಲ್ಲಿ ಇಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದರು. ದೆಹಲಿಯ ಪೀಠವನ್ನು ತೊರೆದು ಎಂ. ಎನ್. ಶ್ರೀನಿವಾಸರೂ ಅವರ ಜೊತೆಗೂಡಿದರು. ನಾಗರಭಾವಿಯಲ್ಲಿರುವ ಆ ಸಂಸ್ಥೆಯು ಇಂದಿಗೂ ಪರಿಷತ್ತಿನ ಮತ್ತು ಕರ್ನಾಟಕ ಸರ್ಕಾರದ ನೆರವಿನಿಂದ ನಡೆದುಬರುತ್ತಿದೆ. ನೀರಾವರಿ, ಕೃಷಿ, ಜನಸಂಖ್ಯೆ, ಪಂಚಾಯಿತಿ, ಶಿಕ್ಷಣ ಇವುಗಳನ್ನು ಕುರಿತು ಅಲ್ಲಿ ನಡೆದಿರುವ ಅಧ್ಯಯನಗಳು ನಮ್ಮ ರಾಜ್ಯದ ಆಡಳಿತಕ್ಕೆ ಒದಗಿದ ಬೆಲೆಯುಳ್ಳ ಸಾಮಗ್ರಿ.

ಇಷ್ಟೆಲ್ಲ ಅಧ್ಯಯನದಿಂದ ಆ ತಗಡಿನ ಶೆಡ್ಡಿನ ಹೆಣ್ಣುಮಗಳಿಗೆ ಬಂದ ಭಾಗ್ಯವೇನು ಎಂದು ಯಾರಾದರೂ ಕೇಳಬಹುದು, ಕೇಳಲೇಬೇಕು. ಆಕೆ ದೇವದುರ್ಗದ ಕಡೆಯವಳೆಂದು ಹೇಳಿದೆನಷ್ಟೆ. ರಾಯಚೂರು ಜಿಲ್ಲೆಯ ಆ ತಾಲ್ಲೂಕಿನ ಹೆಸರು ಒಂದು ವರದಿಯಲ್ಲಿ ಅಚ್ಚಾಗಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಸರ್ಕಾರವು ಪ್ರಾದೇಶಿಕ ಅಸಮತೋಲನದ ವಿಚಾರಣೆಗೆ ನೇಮಿಸಿದ ಸಮಿತಿಯು 2002ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಉತ್ತರ ಕರ್ನಾಟಕ ಹಿಂದುಳಿದಿದೆ, ದಕ್ಷಿಣ ಮುಂದುವರಿದಿದೆ ಎಂಬ ಸ್ಥೂಲವಾದ ಮಾತು ಅದಕ್ಕೆ ಮುಂಚೆಯೂ ಎಲ್ಲರ ಬಾಯಲ್ಲಿತ್ತು. ಆ ಮಾತಿನಿಂದ ಬಿಸಿ ಏರುತ್ತಿತ್ತೇ ಹೊರತು ಬೆಳಕು ಹುಟ್ಟುತ್ತಿರಲಿಲ್ಲ. ಸಮಿತಿಯು ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಅಳತೆಯ ಘಟಕವಾಗಿ ಹಿಡಿದು, ಕೃಷಿ, ಉದ್ಯಮ, ರಸ್ತೆ, ಶಾಲೆ, ಆಸ್ಪತ್ರೆ ಮೊದಲಾದ ಲಕ್ಷಣಗಳಿಂದ ಒಂದು ಸಮಗ್ರ ಸೂಚ್ಯಂಕವನ್ನು ರಚಿಸಿ, ರಾಜ್ಯದ ಆಗಿನ 175 ತಾಲ್ಲೂಕುಗಳನ್ನೂ ಆ ತಕ್ಕಡಿಯಲ್ಲಿ ತೂಗಿತು. ಅವುಗಳಲ್ಲಿ 114 ಹಿಂದುಳಿದವೆಂದು ಕಂಡುಬಂದವು: 35 ಹಿಂದುಳಿದವು, 40 ಅತಿ ಹಿಂದುಳಿದವು, 39 ಅತ್ಯಂತ ಹಿಂದುಳಿದವು. ಈ 39ರಲ್ಲಿ 26 ಉತ್ತರ ಕರ್ನಾಟಕದವು; ಮಿಕ್ಕ 13 ದಕ್ಷಿಣದವು. ಉತ್ತರದ ಅಳಲು ನಿಜವೆಂಬುದು ಸ್ಥಾಪಿತವಾಯಿತು; ದಕ್ಷಿಣದ ಒಡಲಿನಲ್ಲಿ ಅಡಗಿದ್ದ ಬಡತನವೂ ಬೆಳಕಿಗೆ ಬಂದಿತು. ದೇವದುರ್ಗವು ಆ 39ರಲ್ಲಿ ಒಂದು.

ಆ ತಾಯಿಯ ಸೀಮೆಯವರು ಸಾವಿರ ಸಲ ಅತ್ತು ಹೇಳಿದ್ದ ಮಾತು, ಹೀಗೆ ಲೆಕ್ಕವಾಗಿ, ಕೋಷ್ಟಕವಾಗಿ, ಅಲ್ಲಗಳೆಯಲಾರದ ಪ್ರಮಾಣವಾಗಿ ನಿಂತಿತು. 2012ರಲ್ಲಿ ಸಂವಿಧಾನಕ್ಕೆ ತಿದ್ದುಪಡಿಯಾಗಿ, 371-ಜೆ ವಿಧಿಯ ಮೂಲಕ ಹೈದರಾಬಾದ್ ಕರ್ನಾಟಕ ಪ್ರದೇಶಕ್ಕೆ ವಿಶೇಷ ಸ್ಥಾನಮಾನವು ದೊರೆಯಿತು. ಜನರ ಹೋರಾಟವೇ ಅದರ ಮುಖ್ಯ ಕಾರಣ. ಆದರೆ ಹೋರಾಟದ ಕೈಯಲ್ಲಿ ತಾಲ್ಲೂಕುವಾರು ಅಂಕಿಅಂಶಗಳಿದ್ದಾಗ ಅದರ ಧ್ವನಿಗೆ ಬರುವ ಗೌರವವೇ ಬೇರೆ. ದೇವದುರ್ಗದ ಹೆಣ್ಣುಮಗಳು ಇನ್ನೂ ಎರಡು ಒಲೆ ಹೂಡಿಕೊಂಡು ಬೆಂಗಳೂರಿನಲ್ಲಿ ಗಾರೆ ಹೊರುತ್ತಿರುವಾಗ, ರೋಗ ಗುರುತಾದ ಮಾತ್ರಕ್ಕೆ ಗುಣವಾಯಿತೆಂದು ಹೇಳುವಂತಿಲ್ಲ. ಗುರುತಿಸುವುದು ಶಾಸ್ತ್ರದ ಕೆಲಸ, ಗುಣಪಡಿಸುವುದು ರಾಜ್ಯದ ಕೆಲಸ. ರೋಗವಿದೆಯೆಂದು ಮತ್ತೆ ಮತ್ತೆ ಅಂಜದೆ ನೆನಪಿಸುವುದು ವಿದ್ವತ್ಪರಿಷತ್ತಿನ ಕೆಲಸ.

ಈಗ ಋಣದ ಮಾತಿಗೆ ಬರುತ್ತೇನೆ. ಸಮಾಜವಿಜ್ಞಾನಿಯ ಮೂಲಧನ ಯಾವುದು? ಜನ ತಮ್ಮ ಬಿಡುವಿನಲ್ಲಿ, ಅನೇಕ ವೇಳೆ ಬಿಡುವಿಲ್ಲದಾಗಲೂ, ಅಪರಿಚಿತನ ಮುಂದೆ ಬಿಚ್ಚಿಡುವ ತಮ್ಮ ಬಾಳಿನ ಗುಟ್ಟುಗಳು. ಎಷ್ಟು ಸಾಲವಿದೆ, ಎಷ್ಟು ಮಕ್ಕಳು ತೀರಿಕೊಂಡವು, ಗಂಡ ಹಣ ತಂದುಕೊಡುತ್ತಾನೆಯೇ ಎಂಬಂತಹ, ಬಂಧುಗಳ ಮುಂದೆಯೂ ಆಡಲು ನಾಚುವ ಸಂಗತಿಗಳನ್ನು ಅವರು ನಂಬಿ ಹೇಳುತ್ತಾರೆ. ಇದು ಸಾಲ. ಸಾಲವನ್ನು ತೆಗೆದುಕೊಂಡವರು ತೀರಿಸುವುದು ಧರ್ಮ. ಆದರೆ ಇಂದು ನಡೆಯುತ್ತಿರುವುದೇನು? ಕನ್ನಡದಲ್ಲಿ ಕೇಳಿದ ಪ್ರಶ್ನೆ, ಕನ್ನಡದಲ್ಲಿ ಬಂದ ಉತ್ತರ, ಇಂಗ್ಲಿಷಿಗೆ ಪರಿವರ್ತಿತವಾಗಿ, ದೂರದ ಪತ್ರಿಕೆಯೊಂದರಲ್ಲಿ ಪ್ರಕಟವಾಗಿ, ಅಲ್ಲಿಯೇ ನಿಂತುಬಿಡುತ್ತದೆ. ಉತ್ತರ ಹೇಳಿದ ಮನೆಯ ಹೊಸಿಲಿಗೆ ಅದು ಮರಳುವುದಿಲ್ಲ. ಇಂಗ್ಲಿಷಿನ ಮೂಲಕ ಲೋಕದ ವಿದ್ವಾಂಸರೊಡನೆ ಮಾತನಾಡುವುದು ಅಗತ್ಯವೆಂಬುದರಲ್ಲಿ ನನಗೆ ಸಂಶಯವಿಲ್ಲ. ಮನೆಯವರೊಡನೆ ಮಾತು ಬಿಟ್ಟು ಲೋಕದೊಡನೆ ಮಾತ್ರ ಮಾತನಾಡುವುದು ಸರಿಯಲ್ಲವೆಂಬುದರಲ್ಲಿಯೂ ಸಂಶಯವಿಲ್ಲ.

ಈ ಋಣವನ್ನು ತೀರಿಸಿದ ಹಿರಿಯರು ನಮ್ಮಲ್ಲಿ ಇದ್ದರು. ಬಿಳೇಕಹಳ್ಳಿಯಿಂದ ಬಹುದೂರವಲ್ಲದ ನರಸಿಂಹರಾಜ ಕಾಲೊನಿಯಲ್ಲಿ, 1945ರಲ್ಲಿ ಡಿ. ವಿ. ಗುಂಡಪ್ಪನವರು ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಇದೆ. ಪ್ರಜೆಗೆ ರಾಜ್ಯದ ವಿಚಾರ ತಿಳಿಯದಿದ್ದರೆ ಪ್ರಜಾಪ್ರಭುತ್ವವು ಬರಿಯ ಶಬ್ದವೆಂದು ನಂಬಿದ್ದ ಡಿವಿಜಿಯವರು, ರಾಜ್ಯಶಾಸ್ತ್ರದಂತಹ ಶಾಸ್ತ್ರವಿಷಯವನ್ನು ತಿಳಿಗನ್ನಡದಲ್ಲಿ ಬರೆದು ಕೊಟ್ಟರು. 1970ರಲ್ಲಿ ನಾಡು ಅವರನ್ನು ಸನ್ಮಾನಿಸಿ ಅರ್ಪಿಸಿದ ನಿಧಿಯನ್ನು ತಮ್ಮ ಮನೆಗೆ ಒಯ್ಯದೆ ಆ ಸಂಸ್ಥೆಗೇ ಒಪ್ಪಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು ಊರೂರಿಗೆ ಹೋಗಿ ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿ ಉಪನ್ಯಾಸ ಮಾಡಿ, ಅವನ್ನು ಕೆಲವೇ ಆಣೆಗಳ ಬೆಲೆಗೆ ಸಿಗುವ ಕಿರುಹೊತ್ತಗೆಗಳಾಗಿ ಅಚ್ಚುಹಾಕಿಸಿದ ಪ್ರಚಾರೋಪನ್ಯಾಸ ಮಾಲೆಯು ನಮ್ಮ ಹಿರಿಯರ ಮನೆಗಳ ಗೂಡುಗಳಲ್ಲಿ ಇರುತ್ತಿತ್ತು.

ಇಷ್ಟೇಕೆ, ತಾವು ಈಗ ಕೇಳುತ್ತಿರುವ ಈ ಬಾನುಲಿಯ ಕಥೆಯನ್ನೇ ನೋಡಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಒಂದು ಪ್ರಸಾರ ಯಂತ್ರವನ್ನಿಟ್ಟು, ಆಕಾಶವಾಣಿಯೆಂಬ ಹೆಸರಿನಿಂದ ಸಂಗೀತವನ್ನೂ ಭಾಷಣಗಳನ್ನೂ ಜನರಿಗೆ ಕೇಳಿಸಿದ ಎಂ. ವಿ. ಗೋಪಾಲಸ್ವಾಮಿಯವರು ಯಾವ ಶಾಸ್ತ್ರದವರು? ಅವರು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಆ ಹೆಸರೇ ಮುಂದೆ ಭಾರತದ ಬಾನುಲಿಗೆಲ್ಲ ಹೆಸರಾಯಿತು. ವಿದ್ಯೆಯು ತರಗತಿಯ ನಾಲ್ಕು ಗೋಡೆಗಳನ್ನು ದಾಟಿ ಜನರ ಕಿವಿಯನ್ನು ಮುಟ್ಟಬೇಕೆಂಬ ಹಂಬಲವು ಕನ್ನಡ ನಾಡಿನ ಒಬ್ಬ ಸಮಾಜವಿಜ್ಞಾನಿಯ ಮನೆಯಿಂದಲೇ ಹೊರಟಿತೆಂಬುದನ್ನು ಇಂದಿನ ಸಮಾಜವಿಜ್ಞಾನಿಗಳು ಮರೆಯಬಾರದು.

ಆದುದರಿಂದ ನಮ್ಮ ರಾಷ್ಟ್ರೀಯ ಸಂಘಗಳಿಗೂ ಪರಿಷತ್ತಿಗೂ ನಾನು ವಿನಯಪೂರ್ವಕವಾಗಿ ಮಾಡುವ ಬಿನ್ನಹಗಳು ಹೆಚ್ಚೇನೂ ಇಲ್ಲ. ಸಾರ್ವಜನಿಕರ ಹಣದಿಂದ ನಡೆದ ಪ್ರತಿಯೊಂದು ಅಧ್ಯಯನದ ಸಾರವೂ, ಅಧ್ಯಯನ ನಡೆದ ಪ್ರದೇಶದ ಭಾಷೆಯಲ್ಲಿ, ಹತ್ತು ಪುಟಗಳಿಗೆ ಮೀರದಂತೆ, ಪ್ರೌಢಶಾಲೆಯವರೆಗೆ ಓದಿದವನಿಗೆ ಅರ್ಥವಾಗುವಂತೆ ಪ್ರಕಟವಾಗಲಿ. ಅನುದಾನದ ಕೊನೆಯ ಕಂತು ಆ ಹತ್ತು ಪುಟಗಳು ಬಂದ ಮೇಲೆಯೇ ಬಿಡುಗಡೆಯಾಗಲಿ. ಅದರ ಪ್ರತಿಯು ಆ ಊರಿನ ಪಂಚಾಯಿತಿಗೂ, ಈಗ ಅರಿವು ಕೇಂದ್ರಗಳೆಂದು ಕರೆಯಲ್ಪಡುವ ಗ್ರಾಮದ ಗ್ರಂಥಾಲಯಗಳಿಗೂ ಸೇರಲಿ. ಸಂಶೋಧಕನು ಒಂದು ದಿನ ಮರಳಿ ಹೋಗಿ, ದೇವಸ್ಥಾನದ ಜಗಲಿಯ ಮೇಲೋ ಶಾಲೆಯ ಅಂಗಳದಲ್ಲೋ ಜನರನ್ನು ಕೂಡಿಸಿಕೊಂಡು, ತಾನು ಕಂಡುದನ್ನು ಓದಿ ಹೇಳಲಿ. “ಹಾಂಗಲ್ಲ, ಅದು ಹೀಂಗ” ಎಂದು ಯಾವನಾದರೂ ಮುದುಕ ತಿದ್ದಿದರೆ ಆ ತಿದ್ದುಪಡಿಯನ್ನು ಬರೆದುಕೊಳ್ಳಲಿ. ನಾವು ಕೊಡುವ ಉತ್ತರಗಳ ಅಂಕಿಅಂಶಗಳು, ವ್ಯಕ್ತಿಗಳ ಹೆಸರನ್ನು ಮರೆಮಾಡಿ, ಮುಂದಿನವರ ಪರೀಕ್ಷೆಗೆ ಒದಗುವಂತೆ ಭದ್ರವಾಗಿ ಉಳಿಯಲಿ. ಅಪ್ರಿಯವಾದ ಸತ್ಯವನ್ನು ಹೇಳಿದ ವಿದ್ವಾಂಸನಿಗೆ ಹಾನಿಯಾಗದಂತೆ, ಅಧಿಕಾರದಲ್ಲಿ ಯಾರೇ ಇರಲಿ, ಪರಿಷತ್ತು ಆತನಿಗೆ ಕೊಡೆಹಿಡಿದು ನಿಲ್ಲಲಿ.

ಇನ್ನು ಕೇಳುಗರಾದ ನಮ್ಮ ಹೊಣೆ. 1871ರಿಂದ ಮೈಸೂರು ಸೀಮೆಯಲ್ಲಿ ಜನಗಣತಿ ನಡೆದುಬಂದಿದೆ. ಹತ್ತು ವರ್ಷಗಳಿಗೊಮ್ಮೆ ತಪ್ಪದೆ ಬರುತ್ತಿದ್ದ ಆ ಎಣಿಕೆಯು 2011ರ ತರುವಾಯ 2021ರಲ್ಲಿ ಸಕಾಲಕ್ಕೆ ನಡೆಯಲಿಲ್ಲವೆಂಬುದು ತಮಗೆ ತಿಳಿದೇ ಇದೆ. ಎಣಿಕೆ ತಡವಾದಷ್ಟೂ ಎಣಿಸಲ್ಪಡಬೇಕಾದವರ ಪಾಲು ತಡವಾಗುತ್ತದೆ. ಗಣತಿದಾರನಾಗಲಿ ಸಮೀಕ್ಷೆಯ ವಿದ್ಯಾರ್ಥಿಯಾಗಲಿ ಬಾಗಿಲಿಗೆ ಬಂದಾಗ, ಬೇಸರಿಸದೆ, ಕೂರಿಸಿ, ನೀರು ಕೊಟ್ಟು, ಇದ್ದುದನ್ನು ಇದ್ದಂತೆ ಹೇಳೋಣ. ಮರ್ಯಾದೆಗೆಂದು ಸಾಲವನ್ನು ಮುಚ್ಚಿಟ್ಟರೆ, ಸವಲತ್ತಿಗೆಂದು ಆದಾಯವನ್ನು ಕುಗ್ಗಿಸಿದರೆ, ಆ ಸುಳ್ಳು ಲೆಕ್ಕದ ಮೇಲೆ ಕಟ್ಟಿದ ಯೋಜನೆಯು ನಮ್ಮ ಮಕ್ಕಳ ತಲೆಯ ಮೇಲೆಯೇ ಕುಸಿದೀತು. ನಿಜವನ್ನು ಹೇಳಿದ ಮೇಲೆ, ಆ ತಾಯಿ ಕೇಳಿದಂತೆ, ಏನು ತಿಳಿಯಿತೆಂದು ಮತ್ತೆ ಬಂದು ಹೇಳುವಿರಾ ಎಂದು ಧೈರ್ಯವಾಗಿ ಕೇಳುವ ಹಕ್ಕು ನಮಗುಂಟು.

ಒಂದೇ ಅಡಿಗೆಯಲ್ಲಿ ಉಣ್ಣುವವರು ಒಂದು ಕುಟುಂಬವೆಂಬುದು ನಮ್ಮ ಗಣತಿಯ ಸೂತ್ರ. ನಮ್ಮ ಹಳ್ಳಿಗಳ ಒಕ್ಕಲನ್ನು ಎಣಿಸಲು ಆ ಸೂತ್ರವು ಬಹುಕಾಲ ಒಪ್ಪವಾಗಿ ಒದಗಿತು. ಆದರೆ ಹಬ್ಬಕ್ಕೆ ಊರಿಗೆ ಹೋಗಿ, ಮುಂಗಾರಿಗೆ ಬಿತ್ತಿ, ಸುಗ್ಗಿಯ ಮೇಲೆ ನಗರಕ್ಕೆ ಮರಳುವ ಸಾವಿರಾರು ದುಡಿಮೆಗಾರರ ಬಾಳು ಇಂದು ಎರಡು ಒಲೆಗಳ ನಡುವೆ ಹಂಚಿಹೋಗಿದೆ. ಇದನ್ನು ಮೊದಲು ಕಂಡವಳು ಆ ಹೆಣ್ಣುಮಗಳು. ನಮೂನೆಯ ಅಂಚಿನಲ್ಲಿ ಅದನ್ನು ಬರೆದುಕೊಂಡವಳು ಆ ವಿದ್ಯಾರ್ಥಿನಿ. ಅಂಚಿನ ಆ ಸಾಲನ್ನು ಯಾರಾದರೊಬ್ಬರು ಓದಿ, ಗೋಷ್ಠಿಯಲ್ಲಿ ಎತ್ತಿ, ಹತ್ತು ಮಂದಿ ಚರ್ಚಿಸಿ, ಮುಂದಿನ ನಮೂನೆಯಲ್ಲಿ ಅದಕ್ಕೊಂದು ಚೌಕವನ್ನು ಕೊಡಿಸಿದರೆ ವಿದ್ವತ್ಸಂಸ್ಥೆ ತನ್ನ ಕೆಲಸವನ್ನು ಮಾಡಿದಂತಾಯಿತು. ನಮೂನೆಯ ಲೆಕ್ಕದಲ್ಲಿ ಆ ಮನೆಯಲ್ಲಿರುವವರು ಮೂವರು. ಆ ತಾಯಿಯ ಲೆಕ್ಕದಲ್ಲಿ ಏಳು ಮಂದಿ. ಈ ಎರಡು ಲೆಕ್ಕಗಳನ್ನು ಕೂಡಿಸುವ ಹೊಣೆಯನ್ನು ಹೊತ್ತವರು ಅದನ್ನು ನೆರವೇರಿಸಲಿ. ನೆರವೇರಿಸಿ, ಬಂದು ಆಕೆಗೆ ಹೇಳಲಿ.